ಲೈಡನ್ ನಗರದ ಲ್ಯಾಟಿನ್ ಶಾಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ನೆದರ್ಲೆಂಡ್ಸ್‌ನ ಲೈಡನ್ನಿಗೆ ಹೋದವರು ಅಲ್ಲಿನ ವಿಶ್ವವಿದ್ಯಾಲಯ, ಗಾಳಿಯಂತ್ರ, ಚಿತ್ರಕಾರ ರೆಂಬ್ರಾಂಟ್ ಹುಟ್ಟಿದ ಬೀದಿ, ಕಾಲುವೆಗಳ ಮೇಲಿನ ಸೇತುವೆಗಳನ್ನು ನೋಡಿ ಬರುತ್ತಾರೆ. ಊರಿನ ಹಳೆಯ ಶಾಲೆಯ ಮುಂದೆ ನಿಲ್ಲುವವರು ಕಡಿಮೆ. ಆದರೆ ಲೈಡನ್ನಿನ ಸ್ವಭಾವ ನನಗೆ ತಿಳಿದದ್ದು ಹೆಚ್ಚಾಗಿ ಆ ಶಾಲೆಯ ಕಥೆಯಿಂದಲೇ. ಮಕ್ಕಳ ಓದಿನ ಖರ್ಚು ಊರಿನ ಬೊಕ್ಕಸದ ಹೊಣೆ ಎಂದು ನಂಬಿದ ಒಂದು ನಗರ, ಹಸಿವು, ಯುದ್ಧ, ಧರ್ಮಕಲಹ, ವ್ಯಾಪಾರದ ಕುಸಿತ ಎಲ್ಲದರ ನಡುವೆಯೂ ಆ ನಂಬಿಕೆಯನ್ನು ಉಳಿಸಿಕೊಂಡ ಬಗೆ ಇದರಲ್ಲಿದೆ. ಈ ಶಾಲೆಯ ಬಗ್ಗೆ ಜನ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಇದು ಯಾವ ಶಾಲೆ? ಎಲ್ಲಿದೆ?

ಲೈಡನ್ ಇರುವುದು ದಕ್ಷಿಣ ಹಾಲೆಂಡ್ ಪ್ರಾಂತ್ಯದಲ್ಲಿ, ಆಮ್‌ಸ್ಟರ್‌ಡ್ಯಾಮ್ ಮತ್ತು ಹೇಗ್ ನಗರಗಳ ನಡುವೆ. ರೈನ್ ನದಿಯ ಹಳೆಯ ಕವಲುಗಳು ಊರಿನ ಮಧ್ಯದಲ್ಲೇ ಕೂಡುತ್ತವೆ. ಅವುಗಳ ಜೊತೆಗೆ ಅಗೆದ ಕಾಲುವೆಗಳು ಊರನ್ನು ತುಂಡು ತುಂಡಾಗಿ ಹಂಚಿವೆ. ಪೀಟರ್ಸ್‌ಕೆರ್ಕ್ ಎಂಬ ದೊಡ್ಡ ಚರ್ಚಿನ ಮಗ್ಗುಲಲ್ಲಿ ಲೊಖೋರ್ಸ್ಟ್‌ಸ್ಟ್ರಾಟ್ ಎಂಬ ಕಿರಿದಾದ ಬೀದಿಯಿದೆ. ಆ ಬೀದಿಯಲ್ಲಿ, ಮೆಟ್ಟಿಲು ಮೆಟ್ಟಿಲಾಗಿ ಏರುವ ಮುಂಗೋಡೆಯ ಇಟ್ಟಿಗೆ ಕಟ್ಟಡವೇ ಹಳೆಯ ಲ್ಯಾಟಿನ್ ಶಾಲೆ. ಆ ಶಾಲೆಯ ಇಂದಿನ ವಾರಸುದಾರ ಸಂಸ್ಥೆ ಲೈಡನ್ ನಗರ ಗಿಮ್ನಾಸಿಯಂ. ಅದು ಈಗ ಹಳೆಯ ಕೇಂದ್ರದಿಂದ ಹೊರಗೆ, ಬೇರೆ ಕಟ್ಟಡಗಳಲ್ಲಿ ನಡೆಯುತ್ತಿದೆ.

ಗಿಮ್ನಾಸಿಯಂ ಎಂದರೆ ವ್ಯಾಯಾಮಶಾಲೆಯೇ?

ಅಲ್ಲ. ಡಚ್ಚರಲ್ಲೂ ಜರ್ಮನ್ನರಲ್ಲೂ ಅದು ವಿಶ್ವವಿದ್ಯಾಲಯಕ್ಕೆ ವಿದ್ಯಾರ್ಥಿಗಳನ್ನು ಅಣಿಗೊಳಿಸುವ ಪ್ರೌಢಶಾಲೆ. ನೆದರ್ಲೆಂಡ್ಸ್‌ನಲ್ಲಿ ಲ್ಯಾಟಿನ್ ಮತ್ತು ಗ್ರೀಕ್ ಕಲಿಸುವ ಶಾಲೆಗೆ ಮಾತ್ರ ಆ ಹೆಸರು ಸಲ್ಲುತ್ತದೆ.

ಶಾಲೆ ಎಷ್ಟು ಹಳೆಯದು? ಅದು ಚರ್ಚಿನದೋ, ಊರಿನದೋ?

ಲೈಡನ್ನಿನಲ್ಲಿ ಶಾಲೆಯಿದ್ದ ಸುಳಿವು 14ನೇ ಶತಮಾನದಿಂದಲೇ ಸಿಗುತ್ತದೆ. ಆ ಕಾಲದ ಹಾಲೆಂಡಿನ ಊರುಗಳಲ್ಲಿ ಇಂಥ ಶಾಲೆ ಹುಟ್ಟುತ್ತಿದ್ದುದು ಚರ್ಚಿನ ನೆರಳಲ್ಲಿ. ಪೂಜೆಯ ಲ್ಯಾಟಿನ್ ಗೀತೆಗಳನ್ನು ಹಾಡುವ ಹುಡುಗರು ಬೇಕಿದ್ದರು, ಅವರಿಗೆ ಕಲಿಸುವ ಗುರು ಬೇಕಿದ್ದ. ಆದರೆ ಗುರುವನ್ನು ನೇಮಿಸುವ ಹಕ್ಕಿಗೆ ಬೆಲೆಯಿತ್ತು. ಮೊದಲು ಪ್ರಾಂತ್ಯವನ್ನಾಳುವ ಹಾಲೆಂಡಿನ ಕೌಂಟ್‌ನ ಕೈಯಲ್ಲಿದ್ದ ಆ ಹಕ್ಕನ್ನು ಊರುಗಳು ಒಂದೊಂದಾಗಿ ತಮ್ಮದಾಗಿಸಿಕೊಂಡವು. ವ್ಯಾಪಾರಿಗಳ ಊರಿಗೆ ಪತ್ರ ಬರೆಯುವ, ಒಪ್ಪಂದ ಓದುವ, ನ್ಯಾಯಾಲಯದಲ್ಲಿ ವಾದಿಸುವ ಜನ ಬೇಕಿತ್ತು. ಈ ಕೆಲಸಗಳಿಗೆಲ್ಲ ಲ್ಯಾಟಿನ್ ಬೇಕಾಗುತ್ತಿತ್ತು.

ಹೀಗೆ ಹುಡುಗರು ಚರ್ಚಿನಲ್ಲಿ ಹಾಡುತ್ತಿದ್ದರೂ, ಗುರುವಿನ ಸಂಬಳ ಮತ್ತು ನೇಮಕದ ಮಾತು ನಗರಸಭೆಯಲ್ಲಿ ತೀರ್ಮಾನವಾಗುವ ಪದ್ಧತಿ ಬಂತು. ಮುಂದಿನ ಕಥೆಯೆಲ್ಲ ನಿಂತಿರುವುದು ಈ ಪದ್ಧತಿಯ ಮೇಲೆ. 1572ರಲ್ಲಿ ಲೈಡನ್ ಸ್ಪೇನ್ ದೊರೆಯ ವಿರುದ್ಧದ ಬಂಡಾಯಕ್ಕೆ ಸೇರಿ ಪ್ರೊಟೆಸ್ಟಂಟ್ ಪಕ್ಷಕ್ಕೆ ತಿರುಗಿತು. ಶಾಲೆ ಆಗಲೂ ಉಳಿಯಿತು. ಮಠಗಳು ಮುಚ್ಚಿದವು, ಪೂಜೆಯ ಕ್ರಮ ಬದಲಾಯಿತು, ಶಾಲೆಯ ಸಂಬಳದ ಪುಸ್ತಕ ಮಾತ್ರ ಊರಿನ ಕೈಯಲ್ಲೇ ಇತ್ತು.

1574ರ ಮುತ್ತಿಗೆಗೂ ಶಾಲೆಗೂ ಏನು ಸಂಬಂಧ?

ನೇರ ಸಂಬಂಧ ಕಡಿಮೆ. ಆದರೆ ಅದನ್ನು ಬಿಟ್ಟರೆ ಶಾಲೆಯ ಕಟ್ಟಡ ಅರ್ಥವಾಗುವುದಿಲ್ಲ. 1573ರಿಂದ 1574ರವರೆಗೆ, ನಡುವೆ ಸ್ವಲ್ಪ ಬಿಡುವು ಕೊಟ್ಟು, ಸ್ಪೇನಿನ ಸೈನ್ಯ ಲೈಡನ್ನನ್ನು ಮುತ್ತಿತ್ತು. ಹಸಿವು ಮತ್ತು ಪ್ಲೇಗ್ ಸಾವಿರಾರು ಜನರನ್ನು ಕೊಂದವು. ಕೊನೆಗೆ ಬಂಡಾಯಗಾರರು ತಮ್ಮದೇ ನೆಲದ ಒಡ್ಡುಗಳನ್ನು ಒಡೆದು ಹೊಲಗಳಿಗೆ ನೀರು ನುಗ್ಗಿಸಿದರು. ಆ ನೀರಿನ ಮೇಲೆ ತಳ ಚಪ್ಪಟೆಯಾದ ದೋಣಿಗಳಲ್ಲಿ ನೆರವು ಬಂತು. 1574ರ ಅಕ್ಟೋಬರ್ 3ರಂದು ಊರು ಬಿಡುಗಡೆಯಾಯಿತು. ಹೆರಿಂಗ್ ಮೀನು ಮತ್ತು ಬಿಳಿ ಬ್ರೆಡ್ಡನ್ನು ಅಂದು ಹಂಚಿದ ನೆನಪಿಗೆ ಇಂದಿಗೂ ಪ್ರತಿ ಅಕ್ಟೋಬರ್ 3ರಂದು ಊರಿನವರು ಅದನ್ನೇ ತಿನ್ನುತ್ತಾರೆ.

ನಾಲ್ಕು ತಿಂಗಳು ಕಳೆದ ಕೆಲವೇ ದಿನಗಳಲ್ಲಿ, 1575ರ ಫೆಬ್ರವರಿ 8ರಂದು, ಆ ಊರಿನಲ್ಲಿ ವಿಶ್ವವಿದ್ಯಾಲಯ ಶುರುವಾಯಿತು. ಬಂಡಾಯದ ನಾಯಕ ಆರೆಂಜಿನ ವಿಲಿಯಂ ಕೊಟ್ಟ ಬಹುಮಾನ ಅದು. ತೆರಿಗೆ ವಿನಾಯಿತಿ ಬೇಕೋ ವಿಶ್ವವಿದ್ಯಾಲಯ ಬೇಕೋ ಎಂದು ಕೇಳಿದಾಗ ಜನ ವಿಶ್ವವಿದ್ಯಾಲಯ ಆರಿಸಿದರು ಎಂಬ ಮಾತು ಒಂದು ದಂತಕಥೆ ಮಾತ್ರ. ಆದರೆ ಇಪ್ಪತ್ತೈದು ವರ್ಷಗಳ ನಂತರ ಊರು ತನ್ನ ಹಣದಲ್ಲಿ ಲ್ಯಾಟಿನ್ ಶಾಲೆಗೆ ಕಟ್ಟಡ ಎಬ್ಬಿಸಿದ್ದು ದಂತಕಥೆಯಲ್ಲ. ಆ ಗೋಡೆಗಳು ಇನ್ನೂ ನಿಂತಿವೆ.

ಕಟ್ಟಡದ ಮುಂಗೋಡೆಯ ಮೇಲೆ ಏನು ಬರೆದಿದೆ?

ಒಂದು ಲ್ಯಾಟಿನ್ ಶಾಸನವಿದೆ. ದೈವಭಕ್ತಿಗೆ, ಭಾಷೆಗಳಿಗೆ, ಉದಾರ ಕಲೆಗಳಿಗೆ ಅರ್ಪಿತ ಎಂದು ಅದು ಆರಂಭವಾಗುತ್ತದೆ. ಉದಾರ ಕಲೆ ಎಂದರೆ ವ್ಯಾಕರಣ, ಅಲಂಕಾರಶಾಸ್ತ್ರ, ತರ್ಕ ಮುಂತಾಗಿ ಸ್ವತಂತ್ರ ಪ್ರಜೆ ಕಲಿಯಬೇಕೆಂದು ಪ್ರಾಚೀನರು ಎಣಿಸಿದ ವಿದ್ಯೆಗಳು. ಅದರ ನಂತರ ಎಸ್, ಪಿ, ಕ್ಯು, ಎಲ್ ಎಂಬ ನಾಲ್ಕು ಅಕ್ಷರಗಳು, ಆಮೇಲೆ 1599 ಎಂಬ ವರ್ಷ.

ಆ ನಾಲ್ಕು ಅಕ್ಷರಗಳ ಮುಂದೆ ನಿಂತರೆ ನನಗೆ ಮೈ ಪುಳಕಗೊಳ್ಳುತ್ತದೆ. ರೋಮ್ ಗಣರಾಜ್ಯ ತನ್ನ ಕಟ್ಟಡಗಳ ಮೇಲೆ 'ರೋಮಿನ ಸೆನೆಟ್ ಮತ್ತು ಜನ' ಎಂದು ಕೆತ್ತುತ್ತಿತ್ತು. ಲೈಡನ್ ಅದೇ ಮಾದರಿಯಲ್ಲಿ 'ಲೈಡನ್ನಿನ ಸೆನೆಟ್ ಮತ್ತು ಜನ' ಇದನ್ನು ಪುನಃ ಸ್ಥಾಪಿಸಿದರು ಎಂದು ಬರೆಸಿತು. ಬಟ್ಟೆ ನೇಯುವವರು, ಬಣ್ಣ ಹಾಕುವವರು, ಹಿಟ್ಟು ಬೀಸುವವರು ತುಂಬಿದ್ದ ಊರು, ಹಸಿವಿನಿಂದ ಸತ್ತವರ ಮಕ್ಕಳು ಇನ್ನೂ ನಡುವಯಸ್ಸು ದಾಟಿರದ ಕಾಲದಲ್ಲಿ, ತನ್ನನ್ನು ರೋಮಿನ ಸಾಲಿಗೆ ಸೇರಿಸಿಕೊಂಡದ್ದು ಶಾಲೆಯೊಂದರ ಬಾಗಿಲ ಮೇಲೆ. ಅಲ್ಲಿ ರಾಜನ ಹೆಸರಿಲ್ಲ, ಬಿಷಪ್‌ನ ಹೆಸರಿಲ್ಲ, ದಾನ ಮಾಡಿದ ಶ್ರೀಮಂತನ ಹೆಸರೂ ಇಲ್ಲ.

ಒಳಗೆ ಏನು ಕಲಿಸುತ್ತಿದ್ದರು?

ಬಹುಪಾಲು ಲ್ಯಾಟಿನ್. ಮೊದಲು ಪದಗಳ ರೂಪಗಳು, ಆಮೇಲೆ ವಾಕ್ಯರಚನೆ, ಆಮೇಲೆ ಸಿಸೆರೋನ ಪತ್ರಗಳು, ಟೆರೆನ್ಸ್‌ನ ನಾಟಕಗಳು, ಓವಿಡ್, ವರ್ಜಿಲ್. ತಳಹದಿ ಗಟ್ಟಿಯಾದ ಮೇಲೆ ಗ್ರೀಕ್. ಮೇಲಿನ ತರಗತಿಗಳಲ್ಲಿ ಅಲಂಕಾರಶಾಸ್ತ್ರ ಮತ್ತು ತರ್ಕ. ಇವುಗಳ ಜೊತೆಗೆ ಧರ್ಮದ ಪ್ರಶ್ನೋತ್ತರ ಪಾಠ, ಕೀರ್ತನೆಗಳ ಗಾಯನ, ಅಂದವಾದ ಕೈಬರಹ. ಹುಡುಗರು ತಮ್ಮೊಳಗೂ ಲ್ಯಾಟಿನ್ನಿನಲ್ಲೇ ಮಾತನಾಡಬೇಕು ಎಂಬ ನಿಯಮ ಇಂಥ ಶಾಲೆಗಳಲ್ಲಿ ಸಾಮಾನ್ಯವಾಗಿತ್ತು.

1625ರಲ್ಲಿ ಹಾಲೆಂಡಿನ ಪ್ರಾಂತೀಯ ಸಭೆ ತನ್ನ ವ್ಯಾಪ್ತಿಯ ಎಲ್ಲ ಲ್ಯಾಟಿನ್ ಶಾಲೆಗಳಿಗೂ ಅನ್ವಯಿಸುವ ಒಂದು ಶಾಲಾ ನಿಯಮಾವಳಿ ಹೊರಡಿಸಿತು. ಆರು ತರಗತಿಗಳು, ಪ್ರತಿ ತರಗತಿಗೂ ಗೊತ್ತುಪಡಿಸಿದ ಪುಸ್ತಕಗಳು. ಅದಕ್ಕೆ ಮೊದಲು ಊರಿಗೊಂದು ವ್ಯಾಕರಣ ಪುಸ್ತಕ, ಗುರುವಿಗೊಂದು ಕ್ರಮ. ಒಂದು ಊರಿನಿಂದ ಇನ್ನೊಂದು ಊರಿಗೆ ಹೋದ ಹುಡುಗ ಮತ್ತೆ ಮೊದಲಿಂದ ಕಲಿಯಬೇಕಾಗುತ್ತಿತ್ತು. ಈ ನಿಯಮಾವಳಿ ರೂಪಿಸುವುದರಲ್ಲಿ ಲೈಡನ್ನಿನ ಪ್ರಾಧ್ಯಾಪಕರ ಪಾತ್ರ ದೊಡ್ಡದು. ಅಲ್ಲೇ ವಾಗ್ಮಿತೆಯ ಪ್ರಾಧ್ಯಾಪಕನಾಗಿದ್ದ ಗೆರಾರ್ಡ್ ವೋಸಿಯಸ್ ಶಾಲೆಗಳಿಗಾಗಿ ಸಿದ್ಧಪಡಿಸಿದ ಲ್ಯಾಟಿನ್ ವ್ಯಾಕರಣ 1626ರಲ್ಲಿ ಬಂತು. ತಲೆಮಾರುಗಳ ಕಾಲ ಡಚ್ ಮಕ್ಕಳು ಅದನ್ನೇ ಬಾಯಿಪಾಠ ಮಾಡಿದರು.

ಪರೀಕ್ಷೆ ವರ್ಷಕ್ಕೆ ಎರಡು ಬಾರಿ. ಮುಂದೆ ಬಂದವರಿಗೆ ಬಹುಮಾನವಾಗಿ ಪುಸ್ತಕ ಕೊಡುವ ಪದ್ಧತಿ ಡಚ್ ಊರುಗಳಲ್ಲೆಲ್ಲ ಬೆಳೆಯಿತು. ಪ್ರಾಚೀನ ಲೇಖಕರ ಕೃತಿಯೊಂದನ್ನು ಚರ್ಮದ ಹೊದಿಕೆಯಲ್ಲಿ ಕಟ್ಟಿಸಿ, ಮೇಲೆ ನಗರದ ಲಾಂಛನವನ್ನು ಚಿನ್ನದಲ್ಲಿ ಒತ್ತುತ್ತಿದ್ದರು. ಲೈಡನ್ನಿನ ಲಾಂಛನ ಎರಡು ಅಡ್ಡ ಬೀಗದ ಕೈಗಳು, ಸಂತ ಪೀಟರನ ಕೈಗಳು. ಬಹುಮಾನ ಪಡೆದ ಹುಡುಗ ಊರಿನ ಹಿರಿಯರ ಮುಂದೆ ಲ್ಯಾಟಿನ್ನಿನಲ್ಲಿ ಕೃತಜ್ಞತೆಯ ಭಾಷಣ ಮಾಡುತ್ತಿದ್ದ. ಇಂಥ ಪುಸ್ತಕಗಳು ಇಂದಿಗೂ ಹಳೆಯ ಪುಸ್ತಕಗಳ ವ್ಯಾಪಾರಿಗಳ ಬಳಿ ಸಿಗುತ್ತವೆ.

ಗಣಿತ, ಲೆಕ್ಕ ಇರಲಿಲ್ಲವೇ?

ಹೇಳಿಕೊಳ್ಳುವಷ್ಟು ಇರಲಿಲ್ಲ. ಮಗ ವ್ಯಾಪಾರ ಹಿಡಿಯಲಿ ಎಂದು ಬಯಸಿದ ತಂದೆ ಅವನನ್ನು ಫ್ರೆಂಚ್ ಶಾಲೆಗೆ ಕಳಿಸುತ್ತಿದ್ದ. ಅಲ್ಲಿ ಫ್ರೆಂಚ್ ಭಾಷೆ, ಲೆಕ್ಕ, ಜಮಾಖರ್ಚು ಬರೆಯುವುದು ಕಲಿಸುತ್ತಿದ್ದರು. ಲ್ಯಾಟಿನ್ ಶಾಲೆಗೆ ಹೊಸ ಕಟ್ಟಡ ಎದ್ದ ಹೊತ್ತಿನಲ್ಲೇ, 1600ರಲ್ಲಿ, ಲೈಡನ್ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಭೂಮಾಪಕರಿಗೆ ಮತ್ತು ಕೋಟೆ ಕಟ್ಟುವ ಎಂಜಿನಿಯರುಗಳಿಗೆ ಒಂದು ಶಾಲೆ ಆರಂಭವಾಯಿತು. ಅದರ ಪಾಠಕ್ರಮ ಬರೆದವನು ಗಣಿತಜ್ಞ ಸಿಮೋನ್ ಸ್ಟೇವಿನ್. ಪಾಠ ನಡೆಯುತ್ತಿದ್ದುದು ಡಚ್ ಭಾಷೆಯಲ್ಲಿ, ಏಕೆಂದರೆ ಬಡಗಿಗೂ ಸೈನಿಕನಿಗೂ ಅದು ತಿಳಿಯಬೇಕಿತ್ತು. ಒಂದೇ ಊರು, ಒಂದೇ ದಶಕದಲ್ಲಿ, ಎರಡೂ ದಾರಿಗಳನ್ನು ತೆರೆದಿತ್ತು.

ವಿಶ್ವವಿದ್ಯಾಲಯವೇ ಇದ್ದ ಮೇಲೆ ಈ ಶಾಲೆಗೆ ಏನು ಕೆಲಸ?

ಶಾಲೆಯಿಲ್ಲದೆ ವಿಶ್ವವಿದ್ಯಾಲಯವೇ ನಡೆಯುತ್ತಿರಲಿಲ್ಲ. ವೈದ್ಯ, ನ್ಯಾಯ, ದೇವತಾಶಾಸ್ತ್ರ, ಎಲ್ಲ ಪಾಠವೂ ಲ್ಯಾಟಿನ್ನಿನಲ್ಲಿ. ಕಿವಿಗೆ ಬಿದ್ದ ಭಾಷೆ ಅರ್ಥವಾಗದ ಹುಡುಗ ಅಲ್ಲಿ ಕೂತು ಏನು ಮಾಡಬೇಕು? ಲೊಖೋರ್ಸ್ಟ್‌ಸ್ಟ್ರಾಟ್‌ನಿಂದ ರಾಪೆನ್‌ಬುರ್ಖ್ ಕಾಲುವೆಯ ದಂಡೆಯಲ್ಲಿರುವ ಅಕಾಡೆಮಿ ಕಟ್ಟಡಕ್ಕೆ ಕೆಲವೇ ನಿಮಿಷಗಳ ನಡಿಗೆ. ಆ ಕಟ್ಟಡ ಹಿಂದೆ ಸನ್ಯಾಸಿನಿಯರ ಮಠದ ಚರ್ಚಾಗಿತ್ತು. 1581ರಿಂದ ವಿಶ್ವವಿದ್ಯಾಲಯ ಅಲ್ಲಿದೆ. ಶಾಲೆಯ ಹುಡುಗರು ಬೆಳೆದದ್ದು ಯುರೋಪಿನ ದೊಡ್ಡ ವಿದ್ವಾಂಸರು ಓಡಾಡುವ ಬೀದಿಗಳಲ್ಲಿ. 1593ರಲ್ಲಿ ಪ್ರಾಚೀನ ಭಾಷೆಗಳ ವಿದ್ವಾಂಸ ಜೋಸೆಫ್ ಸ್ಕಾಲಿಗರ್ ಬಂದ, ಅದೇ ದಶಕದಲ್ಲಿ ಸಸ್ಯಶಾಸ್ತ್ರಜ್ಞ ಕ್ಲೂಸಿಯಸ್ ಸಸ್ಯೋದ್ಯಾನ ಬೆಳೆಸಿದ, ಎಲ್ಸೆವಿಯರ್ ಮನೆತನದ ಮುದ್ರಣಾಲಯ ಹತ್ತಿರದಲ್ಲೇ ಇತ್ತು.

ರೆಂಬ್ರಾಂಟ್ ನಿಜವಾಗಿ ಇಲ್ಲಿ ಓದಿದನೇ?

ಓದಿದ ಎಂದೇ ಇತಿಹಾಸಕಾರರು ಒಪ್ಪುತ್ತಾರೆ. ರೆಂಬ್ರಾಂಟ್ ಹುಟ್ಟಿದ್ದು 1606ರಲ್ಲಿ, ಲೈಡನ್ನಿನಲ್ಲಿ. ತಂದೆ ಹಾರ್ಮೆನ್ ಗಾಳಿಯಂತ್ರದಲ್ಲಿ ಧಾನ್ಯ ಬೀಸುತ್ತಿದ್ದವನು. ಊರಿನ ಮೇಯರ್ ಆಗಿದ್ದ ಯಾನ್ ಓರ್ಲರ್ಸ್ 1641ರಲ್ಲಿ ಪ್ರಕಟಿಸಿದ ನಗರವರ್ಣನೆಯಲ್ಲಿ ಈ ವಿಷಯ ಬರುತ್ತದೆ, ಚಿತ್ರಕಾರ ಇನ್ನೂ ಬದುಕಿದ್ದಾಗಲೇ. ತಂದೆತಾಯಿಗಳು ಮಗನನ್ನು ಲ್ಯಾಟಿನ್ ಕಲಿಯಲು ಶಾಲೆಗೆ ಹಾಕಿದರು. ಮುಂದೆ ವಿಶ್ವವಿದ್ಯಾಲಯ ಸೇರಿ, ತನ್ನ ವಿದ್ಯೆಯಿಂದ ಊರಿಗೆ ಸೇವೆ ಸಲ್ಲಿಸಲಿ ಎಂಬುದು ಅವರ ಆಸೆ. ಹುಡುಗನಿಗೆ ಮಾತ್ರ ಮನಸ್ಸೆಲ್ಲ ಚಿತ್ರಕಲೆಯ ಮೇಲೆ ಎಂಬುದು ಓರ್ಲರ್ಸ್ ಕೊಟ್ಟ ವಿವರ.

1620ರ ಮೇ 20ರಂದು ವಿಶ್ವವಿದ್ಯಾಲಯದ ದಾಖಲೆ ಪುಸ್ತಕದಲ್ಲಿ ರೆಂಬ್ರಾಂಟ್ ಹೆಸರು ಸೇರಿದೆ. ವಯಸ್ಸು 14, ಸಾಹಿತ್ಯದ ವಿದ್ಯಾರ್ಥಿ, ತಂದೆತಾಯಿಯ ಮನೆಯಲ್ಲಿ ವಾಸ ಎಂದು ಬರೆದಿದೆ. ವಿದ್ಯಾರ್ಥಿಯಾದರೆ ಬಿಯರ್ ಮತ್ತು ವೈನ್ ಮೇಲಿನ ಸುಂಕದಿಂದಲೂ ಊರಕಾವಲಿನ ಪಾಳಿಯಿಂದಲೂ ವಿನಾಯಿತಿ ಇತ್ತು. ಹಾಗಾಗಿ ಹೆಸರು ಬರೆಸಿದವರೆಲ್ಲ ಪಾಠಕ್ಕೆ ಹೋಗುತ್ತಿದ್ದರು ಎನ್ನುವಂತಿಲ್ಲ. ಆತ ಬೇಗನೆ ಯಾಕಬ್ ವಾನ್ ಸ್ವಾನೆನ್‌ಬುರ್ಖ್ ಎಂಬ ಸ್ಥಳೀಯ ಚಿತ್ರಕಾರನಲ್ಲಿ ಶಿಷ್ಯನಾದ. ಆಮೇಲೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಪೀಟರ್ ಲಾಸ್ಟ್‌ಮನ್ ಬಳಿ ಕೆಲವು ತಿಂಗಳು ಕಲಿತ.

ಶಾಲೆ ವ್ಯರ್ಥವಾಯಿತೇ ಎಂದು ಕೆಲವರು ಕೇಳುತ್ತಾರೆ. ಆತನ ಚಿತ್ರಗಳನ್ನು ನೋಡಿದರೆ ನನಗೆ ಹಾಗನ್ನಿಸುವುದಿಲ್ಲ. ಓವಿಡ್ ಹೇಳಿದ ಪ್ರಾಸರ್ಪಿನಾ ಅಪಹರಣ, 1635ರ ಗ್ಯಾನಿಮೀಡ್, 1653ರಲ್ಲಿ ಹೋಮರನ ಪ್ರತಿಮೆಯ ತಲೆಯ ಮೇಲೆ ಕೈಯಿಟ್ಟು ನಿಂತ ಅರಿಸ್ಟಾಟಲ್, ಎರಡು ಬಾರಿ ಬಿಡಿಸಿದ ಲುಕ್ರೀಷಿಯಾ, ಟ್ಯಾಸಿಟಸ್ ಬರೆದ ಇತಿಹಾಸದಿಂದ ಎತ್ತಿಕೊಂಡ ಬಟಾವಿಯನ್ನರ ಪಿತೂರಿ. ಹಿಟ್ಟಿನ ಗಿರಣಿಯ ಮಗನಿಗೆ ಈ ಜನರ ಪರಿಚಯ ಮೊದಲು ಆಗಿದ್ದು ಲೊಖೋರ್ಸ್ಟ್‌ಸ್ಟ್ರಾಟ್‌ನ ಬೆಂಚಿನ ಮೇಲೆ ಎಂದು ನಂಬಲು ಒಳ್ಳೆಯ ಕಾರಣಗಳಿವೆ. ಪರೀಕ್ಷೆಯ ಪಟ್ಟಿಯಲ್ಲಿ ಹಿಂದೆ ಉಳಿದವನಿಗೂ ಶಾಲೆ ಜೀವನಪೂರ್ತಿ ಸಾಕಾಗುವಷ್ಟು ಕೊಡಬಲ್ಲದು.

ಬೇರೆ ಹೆಸರಾಂತ ವಿದ್ಯಾರ್ಥಿಗಳು ಯಾರು?

ಹೆರ್ಮನ್ ಬೂರ್‌ಹಾವ ಒಬ್ಬರು. 1668ರಲ್ಲಿ ಲೈಡನ್ ಪಕ್ಕದ ವೋರ್‌ಹೌಟ್ ಹಳ್ಳಿಯಲ್ಲಿ ಪಾದ್ರಿಯ ಮಗನಾಗಿ ಹುಟ್ಟಿದರು. ಮಗನೂ ಪಾದ್ರಿಯಾಗಲಿ ಎಂದು ತಂದೆ ಸ್ವತಃ ಲ್ಯಾಟಿನ್, ಗ್ರೀಕ್ ಕಲಿಸಿದ್ದರು. ಹುಡುಗನ ತೊಡೆಯಲ್ಲೊಂದು ಹುಣ್ಣು ವರ್ಷಗಟ್ಟಲೆ ವಾಸಿಯಾಗಲಿಲ್ಲ. 14ನೇ ವಯಸ್ಸಿನಲ್ಲಿ, 1682ರಲ್ಲಿ, ಲೈಡನ್ನಿಗೆ ಬಂದು ಈ ಶಾಲೆಗೆ ಸೇರಿದರು. ಚಿಕಿತ್ಸೆಗೂ ಅನುಕೂಲ, ಓದಿಗೂ ಅನುಕೂಲ. ತರಗತಿಗಳನ್ನು ಬೇಗ ಬೇಗ ದಾಟಿ 1684ರಲ್ಲಿ ವಿಶ್ವವಿದ್ಯಾಲಯಕ್ಕೆ ಹೋದರು. ದೀರ್ಘಕಾಲ ನರಳಿಸಿದ ಆ ಹುಣ್ಣೇ ಅವರ ಮನಸ್ಸನ್ನು ವೈದ್ಯಕ್ಕೆ ತಿರುಗಿಸಿತು ಎನ್ನುತ್ತಾರೆ. ಮುಂದೆ ರೋಗಿಯ ಹಾಸಿಗೆಯ ಪಕ್ಕದಲ್ಲೇ ವೈದ್ಯ ವಿದ್ಯಾರ್ಥಿಗಳಿಗೆ ಪಾಠ ಹೇಳುವ ಕ್ರಮವನ್ನು ಯುರೋಪಿನಾದ್ಯಂತ ಪ್ರಸಿದ್ಧಗೊಳಿಸಿದವರು ಇವರೇ. ಮೂಲೆ ಮೂಲೆಯಿಂದ ವಿದ್ಯಾರ್ಥಿಗಳು ಲೈಡನ್ನಿಗೆ ಬಂದು ಅವರ ಪಾಠ ಕೇಳಿದರು.

ಶಿಕ್ಷಕರ ಬಗ್ಗೆ ಏನಾದರೂ ತಿಳಿದಿದೆಯೇ?

ತಿಳಿದಿದೆ, ಮತ್ತು ನನ್ನ ಅಭಿಪ್ರಾಯದಲ್ಲಿ ವಿದ್ಯಾರ್ಥಿಗಳ ಕಥೆಗಿಂತ ಇವರ ಕಥೆಯೇ ಸ್ವಾರಸ್ಯಕರ. ಮುಖ್ಯೋಪಾಧ್ಯಾಯನಿಗೆ ರೆಕ್ಟರ್ ಎಂದು ಹೆಸರು. ಥಿಯೊಡೋರಸ್ ಸ್ಕ್ರೇವೇಲಿಯಸ್ ಮೊದಲು ಹಾರ್ಲೆಮ್ ನಗರದ ಲ್ಯಾಟಿನ್ ಶಾಲೆಯ ರೆಕ್ಟರ್ ಆಗಿದ್ದವರು. ಅಲ್ಲಿರುವಾಗ, 1617ರಲ್ಲಿ, ಚಿತ್ರಕಾರ ಫ್ರಾನ್ಸ್ ಹಾಲ್ಸ್ ಅವರ ಭಾವಚಿತ್ರ ಬರೆದ. ಆಗ ಡಚ್ ಚರ್ಚಿನೊಳಗೆ, ಮನುಷ್ಯನ ಮೋಕ್ಷ ದೇವರು ಮೊದಲೇ ತೀರ್ಮಾನಿಸಿದ್ದೇ ಎಂಬ ವಿಷಯದಲ್ಲಿ ದೊಡ್ಡ ಜಗಳ. ಸೌಮ್ಯ ಪಕ್ಷದ ಕಡೆ ಒಲವಿದ್ದವರು 1618–19ರಲ್ಲಿ ಡಾರ್ಟ್ ಊರಿನಲ್ಲಿ ನಡೆದ ಚರ್ಚ್ ಸಭೆಯ ನಂತರ ಎಲ್ಲೆಡೆ ಕೆಲಸ ಕಳೆದುಕೊಂಡರು. ಸ್ಕ್ರೇವೇಲಿಯಸ್ ಅವರೂ ಹಾರ್ಲೆಮ್‌ನ ಹುದ್ದೆ ಕಳೆದುಕೊಂಡರು. 1625ರಲ್ಲಿ ಲೈಡನ್ ಅವರನ್ನು ಕರೆದು ರೆಕ್ಟರ್ ಮಾಡಿತು. ಒಂದು ಊರು ಹೊರಹಾಕಿದ ಗುರುವನ್ನು ಇನ್ನೊಂದು ಊರು ತನ್ನ ಮಕ್ಕಳಿಗೆ ಪಾಠ ಹೇಳಲು ಕರೆದದ್ದನ್ನು ನಾನು ಲೈಡನ್ನಿನ ಹಿರಿಮೆಗಳಲ್ಲಿ ಎಣಿಸುತ್ತೇನೆ.

1642ರಲ್ಲಿ ಅವರ ಮಗ ಕಾರ್ನೇಲಿಸ್ ಅದೇ ಹುದ್ದೆಗೆ ಬಂದರು. ಕಾರ್ನೇಲಿಸ್ ಸಂಪಾದಿಸಿದ ಗ್ರೀಕ್–ಲ್ಯಾಟಿನ್ ನಿಘಂಟು ಕೈಗೆ ಹಿಡಿಯುವ ಗಾತ್ರದ್ದು, ಹುಡುಗರಿಗೆಂದೇ ಮಾಡಿದ್ದು. ಅದು ಯುರೋಪಿನ ಶಾಲೆಗಳಲ್ಲೆಲ್ಲ ಹರಡಿ, 19ನೇ ಶತಮಾನದಲ್ಲೂ ಮರುಮುದ್ರಣಗೊಳ್ಳುತ್ತಿತ್ತು.

ಬಡವರ ಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಪ್ರವೇಶವಿತ್ತೇ?

ಶುಲ್ಕ ಕೊಡಲಾಗದ ಬುದ್ಧಿವಂತ ಹುಡುಗರಿಗೆ ದತ್ತಿ ನಿಧಿಗಳ ಮತ್ತು ಊರಿನ ನೆರವು ಡಚ್ ನಗರಗಳಲ್ಲಿ ಇದ್ದೇ ಇತ್ತು. ಮುಂದೆ ಪಾದ್ರಿಯಾಗುವವರಿಗೆ ಅದು ಹೆಚ್ಚು ಸುಲಭವಾಗಿ ಸಿಗುತ್ತಿತ್ತು. ಆದರೆ ಲೈಡನ್ ನೇಕಾರರ ಊರು. ಸಾವಿರಾರು ಮಕ್ಕಳು ಚಿಕ್ಕ ವಯಸ್ಸಿನಲ್ಲೇ ನೂಲುವ ಕೆಲಸಕ್ಕೆ ಹೋಗುತ್ತಿದ್ದರು. ಅವರು ಶಾಲೆಯ ಮುಂದೆ ಹಾದು ಹೋಗುತ್ತಿದ್ದರೇ ಹೊರತು ಒಳಗೆ ಕಾಲಿಡಲಿಲ್ಲ. 'ಲೈಡನ್ನಿನ ಜನ' ಎಂದು ಗೋಡೆಯ ಮೇಲೆ ಕೆತ್ತಿದವರು ಇವರನ್ನು ಎಣಿಕೆಗೆ ತೆಗೆದುಕೊಂಡಿರಲಿಲ್ಲ.

ಹೆಣ್ಣುಮಕ್ಕಳಿಗಂತೂ ಬಾಗಿಲು ಪೂರ್ತಿ ಮುಚ್ಚಿತ್ತು. 17ನೇ ಶತಮಾನದ ವಿದುಷಿ ಅನ್ನಾ ಮರಿಯಾ ವಾನ್ ಸ್ಖೂರ್‌ಮನ್ ಹಲವು ಪ್ರಾಚೀನ ಭಾಷೆಗಳನ್ನು ಕಲಿತದ್ದು ಮನೆಯಲ್ಲಿ. ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಆಕೆ ಪಾಠ ಕೇಳಬೇಕಾದದ್ದು ಗಂಡುಹುಡುಗರ ಕಣ್ಣಿಗೆ ಬೀಳದಂತೆ ಮರೆ ಮಾಡಿದ ಗೂಡಿನಲ್ಲಿ ಕೂತು. 1871ರಲ್ಲಿ ಅಲೆಟ್ಟಾ ಯಾಕಬ್ಸ್ ಎಂಬ ಯುವತಿ ಖ್ರೋನಿಂಗನ್ ವಿಶ್ವವಿದ್ಯಾಲಯ ಸೇರಿದ ಮೇಲೆ, ಶತಮಾನದ ಕೊನೆಯ ದಶಕಗಳಲ್ಲಿ ದೇಶದ ಗಿಮ್ನಾಸಿಯಂಗಳಿಗೆ ಹುಡುಗಿಯರು ಒಬ್ಬೊಬ್ಬರಾಗಿ ಬಂದರು. ಐದು ಶತಮಾನಗಳ ಶಾಲೆಯ ಕಥೆಯಲ್ಲಿ ಇದು ತೀರಾ ತಡವಾಗಿ ಬಂದ ಅಧ್ಯಾಯ.

ಲ್ಯಾಟಿನ್ ಶಾಲೆ ಗಿಮ್ನಾಸಿಯಂ ಆದದ್ದು ಯಾವಾಗ?

ನಿಧಾನವಾಗಿ ಆಯಿತು. 18ನೇ ಶತಮಾನದಲ್ಲಿ ಲೈಡನ್ನಿನ ಬಟ್ಟೆ ಉದ್ಯಮ ಕುಸಿಯಿತು. ಹಿಂದಿನ ಶತಮಾನದಲ್ಲಿ 60,000 ಸಮೀಪಿಸಿದ್ದ ಜನಸಂಖ್ಯೆ 1800ರ ಹೊತ್ತಿಗೆ ಅರ್ಧದಷ್ಟಾಗಿತ್ತು. ವಿದ್ವತ್ತಿನ ಭಾಷೆಯಾಗಿ ಲ್ಯಾಟಿನ್ನಿನ ಜಾಗಕ್ಕೆ ಫ್ರೆಂಚ್, ಜರ್ಮನ್ ಬರುತ್ತಿದ್ದವು. ದೇಶದ ಲ್ಯಾಟಿನ್ ಶಾಲೆಗಳಲ್ಲಿ ಹುಡುಗರ ಸಂಖ್ಯೆ ಇಳಿಯಿತು. 1815ರ ರಾಜಾಜ್ಞೆ ಗಣಿತ, ಇತಿಹಾಸ, ಭೂಗೋಳವನ್ನೂ ಪಾಠಕ್ಕೆ ಸೇರಿಸಿತು. 19ನೇ ಶತಮಾನದ ಮಧ್ಯಕ್ಕಾಗಲೇ ಲೈಡನ್ನಿನ ಶಾಲೆಯನ್ನು ಗಿಮ್ನಾಸಿಯಂ ಎಂದು ಕರೆಯುತ್ತಿದ್ದರು.

ನಿರ್ಣಾಯಕ ಬದಲಾವಣೆ ತಂದದ್ದು 1876ರ ಉನ್ನತ ಶಿಕ್ಷಣ ಕಾನೂನು. 20,000ಕ್ಕಿಂತ ಹೆಚ್ಚು ಜನರಿರುವ ಪ್ರತಿ ಊರೂ ಒಂದು ಗಿಮ್ನಾಸಿಯಂ ನಡೆಸಲೇಬೇಕು ಎಂದು ಅದು ವಿಧಿಸಿತು. ಆರು ವರ್ಷಗಳ ಓದು. ಕೊನೆಯಲ್ಲಿ ಭಾಷೆಗಳ ಕಡೆಗೋ ವಿಜ್ಞಾನದ ಕಡೆಗೋ ತಿರುಗುವ ಎರಡು ಶಾಖೆಗಳು. ಅಂತಿಮ ಪರೀಕ್ಷೆಯಲ್ಲಿ ಗೆದ್ದವರಿಗೆ ವಿಶ್ವವಿದ್ಯಾಲಯದ ಪ್ರವೇಶ. ಲೈಡನ್ ತಾನಾಗಿಯೇ ಮಾಡಿಕೊಂಡು ಬಂದಿದ್ದ ಕೆಲಸ ಈಗ ದೊಡ್ಡ ಊರುಗಳಿಗೆಲ್ಲ ಕಡ್ಡಾಯವಾಯಿತು.

ಫ್ರೌಯ್ನ್ ಎಂಬ ಇತಿಹಾಸಕಾರನ ಹೆಸರು ಶಾಲೆಯ ಜೊತೆ ಏಕೆ ಬರುತ್ತದೆ?

ರಾಬರ್ಟ್ ಫ್ರೌಯ್ನ್ 1850ರಿಂದ 1860ರವರೆಗೆ ಈ ಗಿಮ್ನಾಸಿಯಂನಲ್ಲಿ ಇತಿಹಾಸ ಕಲಿಸಿದರು. ಸ್ಪೇನ್ ವಿರುದ್ಧದ ಎಂಬತ್ತು ವರ್ಷಗಳ ಯುದ್ಧದಲ್ಲಿ 1588ರಿಂದ 1598ರವರೆಗಿನ ಹತ್ತು ವರ್ಷಗಳನ್ನು ಕುರಿತ ಅವರ ಮೇರುಕೃತಿ ಹೊರಬಂದದ್ದು ಅವರು ಶಾಲಾಶಿಕ್ಷಕರಾಗಿದ್ದಾಗಲೇ. ಡಚ್ ಗಣರಾಜ್ಯ ತನ್ನ ಕಾಲ ಮೇಲೆ ನಿಂತ ದಶಕ ಅದು. ಲ್ಯಾಟಿನ್ ಶಾಲೆಯ ಕಟ್ಟಡ ಎದ್ದದ್ದೂ ಅದರ ಬೆನ್ನಿಗೇ. 1860ರಲ್ಲಿ ಅವರು ಲೈಡನ್ ವಿಶ್ವವಿದ್ಯಾಲಯದಲ್ಲಿ ದೇಶದ ಇತಿಹಾಸದ ಮೊದಲ ಪ್ರಾಧ್ಯಾಪಕರಾದರು. ಇಂದು ಗಿಮ್ನಾಸಿಯಂ ಇರುವ ಬೀದಿಗೆ ಫ್ರೌಯ್ನ್‌ಲಾನ್ ಎಂದು ಹೆಸರು. ಶಾಲೆಯ ವಿಳಾಸದಲ್ಲೇ ಆ ಶಾಲೆಯ ಒಬ್ಬ ಮೇಷ್ಟರ ಹೆಸರಿದೆ.

ವಿಜ್ಞಾನದ ಕಾಲದಲ್ಲಿ ಲ್ಯಾಟಿನ್ ಅಡ್ಡಿಯಾಗಲಿಲ್ಲವೇ?

ಆಯಿತು. 1863ರಲ್ಲಿ ಥಾರ್ಬೆಕೆ ಎಂಬ ಉದಾರವಾದಿ ರಾಜಕಾರಣಿ ಎಚ್‌ಬಿಎಸ್ ಎಂಬ ಹೊಸ ಬಗೆಯ ಪ್ರೌಢಶಾಲೆಗಳನ್ನು ತಂದರು. ಅಲ್ಲಿ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಆಧುನಿಕ ಭಾಷೆಗಳು, ಲ್ಯಾಟಿನ್ ಇಲ್ಲ. ಅಲ್ಲಿಂದ ಬಂದವರು ಎಷ್ಟೇ ಜಾಣರಾದರೂ, ವಿಶ್ವವಿದ್ಯಾಲಯದ ಪದವಿಗೆ ಲ್ಯಾಟಿನ್ ಮತ್ತು ಗ್ರೀಕ್ ಪರೀಕ್ಷೆ ಬೇರೆಯಾಗಿ ಬರೆಯಬೇಕಿತ್ತು. ಲೈಡನ್ನಿಗೆ ನೊಬೆಲ್ ಪ್ರಶಸ್ತಿ ತಂದ ಭೌತವಿಜ್ಞಾನಿಗಳಾದ ಹೆಂಡ್ರಿಕ್ ಲೊರೆಂಟ್ಸ್ ಮತ್ತು ಹೈಕೆ ಕಾಮರ್ಲಿಂಗ್ ಓನ್ನೆಸ್ ಇಬ್ಬರೂ ಓದಿದ್ದು ಎಚ್‌ಬಿಎಸ್‌ನಲ್ಲಿ. ಇಬ್ಬರೂ ಪ್ರಾಚೀನ ಭಾಷೆಗಳನ್ನು ಆಮೇಲೆ ಕಲಿತು ದಾಟಿದರು. 1917ರಲ್ಲಿ ವಿಜ್ಞಾನ ಮತ್ತು ವೈದ್ಯಕೀಯದ ವಿದ್ಯಾರ್ಥಿಗಳಿಗೆ ಈ ಕಟ್ಟುಪಾಡು ರದ್ದಾಯಿತು. ಆಗಬೇಕಾದದ್ದೇ ಆಯಿತು ಎನ್ನುತ್ತೇನೆ. ಕಡ್ಡಾಯ ಹೋದ ಮೇಲೆ ಗಿಮ್ನಾಸಿಯಂ ಬಯಸಿ ಬರುವವರ ಶಾಲೆಯಾಯಿತು, ಅದರಿಂದ ಅದಕ್ಕೆ ಒಳ್ಳೆಯದೇ ಆಗಿದೆ.

ಎರಡನೇ ಮಹಾಯುದ್ಧದಲ್ಲಿ?

1941ರ ಶಾಲಾವರ್ಷದ ಆರಂಭದಲ್ಲಿ, ನೆದರ್ಲೆಂಡ್ಸನ್ನು ಆಕ್ರಮಿಸಿಕೊಂಡಿದ್ದ ಜರ್ಮನ್ ಆಡಳಿತ ದೇಶದ ಎಲ್ಲ ಯಹೂದಿ ಮಕ್ಕಳನ್ನು ಸಾರ್ವಜನಿಕ ಶಾಲೆಗಳಿಂದ ಹೊರಹಾಕಿತು. ಅದಕ್ಕೆ ಮೊದಲೇ ಯಹೂದಿ ಶಿಕ್ಷಕರನ್ನು ತೆಗೆದುಹಾಕಿತ್ತು. ಲೈಡನ್ನಿನಲ್ಲಿ 1940ರ ನವೆಂಬರ್ 26ರಂದು ಕಾನೂನು ಪ್ರಾಧ್ಯಾಪಕ ಕ್ಲೇವರಿಂಗಾ, ಕೆಲಸದಿಂದ ತೆಗೆಯಲ್ಪಟ್ಟ ತಮ್ಮ ಗುರು ಮೈಯರ್ಸ್ ಪರವಾಗಿ ಬಹಿರಂಗವಾಗಿ ಮಾತನಾಡಿದರು. ಅವರನ್ನು ಬಂಧಿಸಲಾಯಿತು, ವಿಶ್ವವಿದ್ಯಾಲಯಕ್ಕೆ ಬೀಗ ಬಿತ್ತು. 1943ರ ಮಾರ್ಚ್ 17ರಂದು ಊರಿನ ಯಹೂದಿ ಅನಾಥಾಲಯದ ಮಕ್ಕಳನ್ನು ಎಳೆದೊಯ್ದರು. ಅವರಲ್ಲಿ ಬಹುತೇಕರು ಕೊಲೆಯಾದರು.

ಯುದ್ಧದ ನಂತರ ಏನಾಯಿತು?

1968ರಲ್ಲಿ ಜಾರಿಗೆ ಬಂದ ಪ್ರೌಢಶಿಕ್ಷಣ ಕಾನೂನು ಎಲ್ಲ ಬಗೆಯ ಶಾಲೆಗಳನ್ನೂ ಒಂದೇ ಚೌಕಟ್ಟಿಗೆ ತಂದಿತು. ಅದರ ಗಾತ್ರ ಕಂಡು ಜನ ಅದನ್ನು ಮ್ಯಾಮತ್ ಕಾನೂನು ಎಂದರು. ವಿಶ್ವವಿದ್ಯಾಲಯಕ್ಕೆ ಅಣಿಗೊಳಿಸುವ ಆರು ವರ್ಷಗಳ ಓದಿಗೆ ಎರಡು ರೂಪಗಳಾದವು: ಪ್ರಾಚೀನ ಭಾಷೆಯಿದ್ದರೆ ಗಿಮ್ನಾಸಿಯಂ, ಇಲ್ಲದಿದ್ದರೆ ಅಥೀನಿಯಂ. ಅನೇಕ ಊರುಗಳ ಗಿಮ್ನಾಸಿಯಂಗಳು ದೊಡ್ಡ ಸಂಯುಕ್ತ ಶಾಲೆಗಳೊಳಗೆ ಕರಗಿದವು. ಸ್ವತಂತ್ರವಾಗಿ ಉಳಿದವು ಇಂದು ದೇಶದಲ್ಲಿ ಸುಮಾರು 40. ಲೈಡನ್ನಿನದು ಅವುಗಳಲ್ಲೊಂದು.

ಭಾರತದೊಡನೆ ಏನಾದರೂ ನಂಟಿದೆಯೇ?

ಶಾಲೆಗೆ ನೇರ ನಂಟಿಲ್ಲ, ಊರಿಗಿದೆ. 1865ರಲ್ಲಿ ಲೈಡನ್ನಿನಲ್ಲಿ ನೆದರ್ಲೆಂಡ್ಸ್‌ನ ಮೊದಲ ಸಂಸ್ಕೃತ ಪೀಠ ಸ್ಥಾಪನೆಯಾಯಿತು. ಅದಕ್ಕೆ ನೇಮಕವಾದ ಹೆಂಡ್ರಿಕ್ ಕೆರ್ನ್ ಅದಕ್ಕೆ ಮುಂಚೆ ಬನಾರಸ್‌ನಲ್ಲಿ ಸಂಸ್ಕೃತ ಕಲಿಸುತ್ತಿದ್ದವರು. ಅವರ ತರಗತಿಗೆ ಬಂದ ಯುವಕರು ವಿಭಕ್ತಿ, ಧಾತುರೂಪಗಳ ಶಿಸ್ತನ್ನು ಲ್ಯಾಟಿನ್ ಮತ್ತು ಗ್ರೀಕ್ ಮೂಲಕ ಆಗಲೇ ಕಲಿತಿರುತ್ತಿದ್ದರು.

ಹೋದರೆ ಏನು ನೋಡಬಹುದು?

ಮೊದಲು ಲೊಖೋರ್ಸ್ಟ್‌ಸ್ಟ್ರಾಟ್‌ಗೆ ಹೋಗಿ ಮುಂಗೋಡೆ ನೋಡಿ, ಶಾಸನ ಓದಿ. ಬೀದಿ ಕಿರಿದು, ಎದುರು ಬದಿಗೆ ಸರಿದು ತಲೆ ಎತ್ತಬೇಕು. ಪಕ್ಕದಲ್ಲೇ ಖ್ರಾವೆನ್‌ಸ್ಟೇನ್ ಎಂಬ ಹಳೆಯ ಸೆರೆಮನೆ, ಪೀಟರ್ಸ್‌ಕೆರ್ಕ್ ಇವೆ. ಅಲ್ಲಿಂದ ರಾಪೆನ್‌ಬುರ್ಖ್ ದಂಡೆಗೆ ಇಳಿದು ಅಕಾಡೆಮಿ ಕಟ್ಟಡ ಮತ್ತು ಅದರ ಹಿಂದಿನ ಸಸ್ಯೋದ್ಯಾನಕ್ಕೆ ಹೋದರೆ, ಬೂರ್‌ಹಾವ ಶಾಲೆಯಿಂದ ವಿಶ್ವವಿದ್ಯಾಲಯಕ್ಕೆ ಏರಿದ ದಾರಿಯನ್ನೇ ನೀವೂ ನಡೆದಂತೆ.

ನೆದರ್ಲೆಂಡ್ಸ್‌ನಲ್ಲಿರುವ ಕನ್ನಡಿಗರು ಮಕ್ಕಳನ್ನು ಇಂಥ ಶಾಲೆಗೆ ಸೇರಿಸಬಹುದೇ?

ಖಂಡಿತ. ಇವು ಶ್ರೀಮಂತರಿಗೆಂದು ಮೀಸಲಾದ ಖಾಸಗಿ ಶಾಲೆಗಳಲ್ಲ. ನಡೆಯುವುದು ಸರ್ಕಾರದ ಅನುದಾನದಲ್ಲಿ. ಪೋಷಕರಿಂದ ಕೇಳುವ ವಂತಿಗೆ ಐಚ್ಛಿಕ. ಮಗು ಪ್ರಾಥಮಿಕ ಶಾಲೆಯ ಎಂಟನೇ ಗುಂಪಿನಲ್ಲಿದ್ದಾಗ, ಸುಮಾರು 12ನೇ ವಯಸ್ಸಿಗೆ, ಶಾಲೆ ಒಂದು ಶಿಫಾರಸು ಕೊಡುತ್ತದೆ. ಜೊತೆಗೆ ಒಂದು ಪರೀಕ್ಷೆಯೂ ಇರುತ್ತದೆ. ವಿಶ್ವವಿದ್ಯಾಲಯದ ಹಾದಿಯ ಶಿಫಾರಸು ಬಂದರೆ ಗಿಮ್ನಾಸಿಯಂಗೆ ಅರ್ಜಿ ಹಾಕಬಹುದು. ಪಾಠ ಡಚ್ ಭಾಷೆಯಲ್ಲಿರುವುದರಿಂದ ಮಗುವಿಗೆ ಆ ಭಾಷೆ ಚೆನ್ನಾಗಿ ಬರಬೇಕು. ಕೆಳಗಿನ ತರಗತಿಗಳಲ್ಲಿ ಲ್ಯಾಟಿನ್, ಗ್ರೀಕ್ ಎರಡನ್ನೂ ಕಲಿಯುತ್ತಾರೆ. ಅಂತಿಮ ಪರೀಕ್ಷೆಗೆ ಕನಿಷ್ಠ ಒಂದನ್ನು ಉಳಿಸಿಕೊಳ್ಳಬೇಕು. ಗಣಿತ, ವಿಜ್ಞಾನಗಳನ್ನು ಇದಕ್ಕಾಗಿ ಬಿಡಬೇಕಾಗಿಲ್ಲ. ಎಂಜಿನಿಯರಿಂಗ್ ಮತ್ತು ವೈದ್ಯಕೀಯಕ್ಕೂ ಇಲ್ಲಿಂದ ದಾರಿ ತೆರೆದಿದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಡಚ್ ಆಡಿ ಬೆಳೆದ ಮಗುವಿಗೆ ಇನ್ನೊಂದು ಭಾಷೆಯ ವ್ಯಾಕರಣ ಕಂಡರೆ ಭಯವಾಗುವುದು ಕಡಿಮೆ. ಹೆಚ್ಚಿನ ಶಾಲೆಗಳು ಚಳಿಗಾಲದಲ್ಲಿ ಪೋಷಕರಿಗೂ ಮಕ್ಕಳಿಗೂ ಮುಕ್ತ ದಿನ ಏರ್ಪಡಿಸುತ್ತವೆ. ಆ ದಿನ ಹೋಗಿ, ಮಗುವನ್ನೇ ಒಂದು ಲ್ಯಾಟಿನ್ ಪಾಠದಲ್ಲಿ ಕೂರಿಸಿ ನೋಡಿ ನಿರ್ಧರಿಸಿ.